ಹೇಮಕೂಟದಲ್ಲಿ ಕಂಪಿಲರಾಯನ ಗುರುತು

ಕುರೆಕುಪ್ಪ, ತೋರಣಗಲ್ಲುಗಳ ಕಡೆಯಿಂದ ಹೊಸಪೇಟೆಯ ಮಾರ್ಗವಾಗಿ ಹಂಪೆಗೆ ಬರುವ ಭಕ್ತರು ಶ್ರೀ ವಿರೂಪಾಕ್ಷನ ದರ್ಶನ ಪಡೆದು, ಪೇಟೆಬೀದಿಯಲ್ಲಿ ತುಸುದೂರ ನಡೆದು ಹಿಂದಿರುಗುವುದು ವಾಡಿಕೆ. ದೇವಾಲಯದ ದಕ್ಷಿಣಕ್ಕಿರುವ ಹೇಮಕೂಟವನ್ನು ಏರಿದವರೂ ಬಹುಮಟ್ಟಿಗೆ ಸೂರ್ಯಾಸ್ತವನ್ನು ನೋಡಿ ಇಳಿಯುತ್ತಾರೆ. ಅಲ್ಲಿಯ ಗುಡಿಗಳ ಮೆಟ್ಟಿಲುಮೆಟ್ಟಿಲಾದ ಶಿಖರಗಳನ್ನು ಕಂಡು ಇವೆಲ್ಲ ಜೈನ ಬಸದಿಗಳೆಂದು ಹೇಳುವವರು ಇಂದಿಗೂ ಉಂಟು. ಶಿಖರದ ಆಕಾರವೊಂದರಿಂದಲೇ ಮತವನ್ನು ನಿರ್ಣಯಿಸುವುದು ಸಲ್ಲದು. ಇಂತಹ ಶಿಖರವನ್ನು ಆ ಕಾಲದಲ್ಲಿ ಶೈವರೂ ಕಟ್ಟಿಸಿದರು, ಜೈನರೂ ಕಟ್ಟಿಸಿದರು.

ಅಲ್ಲಿನ ಒಂದು ತ್ರಿಕೂಟದ ಶಾಸನವು ಸಂಶಯಕ್ಕೆ ಎಡೆಗೊಡುವುದಿಲ್ಲ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರಕಂಪಿಲದೇವನು ಶಿವಾಲಯವನ್ನು ಕಟ್ಟಿಸಿ, ತಂದೆತಾಯಿ ಮೊದಲಾದ ಮೂವರ ಹೆಸರಿನಲ್ಲಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ಅದು ತಿಳಿಸುತ್ತದೆ. ಜನಪದವು ಹಾಡಿ ಕೊಂಡಾಡಿದ ಗಂಡುಗಲಿ ಕುಮಾರರಾಮನ ತಂದೆಯೇ ಈ ಕಂಪಿಲ. ದೆಹಲಿಯ ಮಹಮ್ಮದ್ ಬಿನ್ ತುಘಲಕನಿಗೆ ತಿರುಗಿಬಿದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪನು ಆಶ್ರಯ ಬೇಡಿ ಬಂದಾಗ ಕಂಪಿಲನು ಇಲ್ಲವೆನ್ನಲಿಲ್ಲ. ಇಬ್ನ್ ಬತೂತನು ಹೇಳುವಂತೆ, ಸೋಲು ಖಚಿತವಾದಾಗ ಅತಿಥಿಯನ್ನು ನೆರೆಯ ಅರಸನ ಬಳಿಗೆ ಕಳುಹಿಸಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಬಳಿಕ ತಾನು ಕಾದಿ ಮಡಿದನು. ನೆರೆಯ ಅರಸನಾದರೋ ಆ ಅತಿಥಿಯನ್ನು ಸುಲ್ತಾನನಿಗೆ ಒಪ್ಪಿಸಿಬಿಟ್ಟನು! ಇದು ನಡೆದದ್ದು 1327ರ ಸುಮಾರಿನಲ್ಲಿ. ವಿಜಯನಗರದ ಸ್ಥಾಪನೆಗೆ ಸಂಪ್ರದಾಯವು ಹೇಳುವ ವರ್ಷ 1336.

ಆದುದರಿಂದ ಹಂಪೆಯ ಚರಿತ್ರೆಯನ್ನು ಹಕ್ಕ-ಬುಕ್ಕರಿಂದಲೇ ತೊಡಗಿಸುವುದು ನ್ಯಾಯವಲ್ಲ. ಕಂಪ್ಲಿ ಸೀಮೆಯ ಭಕ್ತರಾದರೂ ಮುಂದಿನ ಸಲ ವಿರೂಪಾಕ್ಷನಿಗೆ ಕೈಮುಗಿದು ಮೊದಲು ಈ ತ್ರಿಕೂಟದ ಮುಂದೆ ನಿಲ್ಲಲಿ. ಪೇಟೆಬೀದಿಗೆ ಆಮೇಲೆ ಇಳಿಯಬಹುದು.