ಮೂಸಿಯ ಮಹಾಪೂರದಿಂದ ಕಲಿಯಬೇಕಾದ ಲೆಕ್ಕ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರು ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರವನ್ನು ಒಮ್ಮೆಯಾದರೂ ನೋಡಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿದಾಗ ಸುಮಾರು 150 ಮಂದಿ ಆ ಮರವನ್ನೇರಿ ಜೀವ ಉಳಿಸಿಕೊಂಡರು. ಅಂದು ಮಡಿದವರು ಸುಮಾರು 15,000 ಎಂದು ಅಂದಾಜು. ಅಫ್ಜಲ್‌ಗಂಜ್, ಕೋಲ್ಸಾವಾಡಿ ಮೊದಲಾದ ನದಿಯಂಚಿನ ತಗ್ಗು ಪೇಟೆಗಳು ಕೊಚ್ಚಿಹೋದವು. ಎತ್ತರದ ಮೊಹಲ್ಲಾಗಳು ಉಳಿದವು. ಊರು ಒಂದೇ, ಮಳೆಯೂ ಒಂದೇ. ಅನುಭವಿಸಿದ ಕಷ್ಟ ಮಾತ್ರ ಒಂದೇ ಆಗಿರಲಿಲ್ಲ.

ಇದಕ್ಕೆ ಪರಿಹಾರ ಸೂಚಿಸಲು ನಿಜಾಮ್ ಸರ್ಕಾರವು 1909ರಲ್ಲಿ ಕರೆಸಿಕೊಂಡದ್ದು ಮುಂದೆ ಮೈಸೂರಿನ ದಿವಾನರಾದ ಎಂ. ವಿಶ್ವೇಶ್ವರಯ್ಯನವರನ್ನು. ಅವರು ಮುಳುಗಿದ ಪೇಟೆಗಳನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ನೀರು ಎಲ್ಲಿಂದ ಬಂತೆಂದು ನದಿಯ ಮೇಲ್ಭಾಗದ ಲೆಕ್ಕ ತೆಗೆದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ಆ ಪ್ರದೇಶದ 788 ಕೆರೆಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಕೆರೆ ತಡೆದೀತೇ? ಅವರ ಸಲಹೆಯ ಫಲವಾಗಿ ನಗರದ ಮೇಲ್ಗಡೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಮೂಸಿಯ ಭಯ ಬಹುಮಟ್ಟಿಗೆ ತಗ್ಗಿತು. ಪೂರ್ತಿ ಹೋಗಲಿಲ್ಲವೆಂಬುದೂ ನಿಜ. ಜಲಾಶಯದ ಬಾಗಿಲು ತೆರೆದಾಗ ಚಾದರ್‌ಘಾಟಿನ ತಗ್ಗು ಮನೆಗಳಿಗೆ ಈಗಲೂ ನೀರು ನುಗ್ಗುವುದುಂಟು.

ಆದರೆ ನಗರ ಬೆಳೆದಂತೆ ಅಪಾಯವು ನದಿಯ ದಡವನ್ನು ಬಿಟ್ಟು ಬೇರೆಡೆಗೂ ಹಬ್ಬಿತು. ಕೆರೆಗಳ ಅಂಗಳದಲ್ಲಿ, ಕೋಡಿಯ ಹಾದಿಯಲ್ಲಿ ಕಾಲೊನಿಗಳೆದ್ದವು. ಮಾಸಬ್ ಟ್ಯಾಂಕಿನಲ್ಲಿ ಹೆಸರು ಉಳಿದಿದೆ, ಕೆರೆ ಇಲ್ಲ. 2020ರ ಅಕ್ಟೋಬರಿನಲ್ಲಿ ಟೋಲಿಚೌಕಿಯ ನದೀಮ್ ಕಾಲೊನಿ ದಿನಗಟ್ಟಲೆ ನೀರಿನಲ್ಲಿ ನಿಂತಿತು. ಗುರ್ರಂ ಚೆರುವಿನ ಏರಿ ಒಡೆದು ಹಫೀಜ್ ಬಾಬಾ ನಗರ ಮುಳುಗಿತು. ಇವೆರಡೂ ಮೂಸಿಯ ದಡದಲ್ಲಿಲ್ಲ.

ನಾನು ಎಂಜಿನಿಯರನಲ್ಲ, ಬ್ಯಾಂಕಿನ ಗುಮಾಸ್ತ. ಎರಡು ವರ್ಷದ ಹಿಂದೆ ಕೈಗೆಟಕುವ ಬೆಲೆಗೆ ಒಂದು ನಿವೇಶನ ಸಿಕ್ಕಿತೆಂದು ಹಿಗ್ಗಿದ್ದೆ. ಕ್ರಯಪತ್ರ, ಚಕ್ಕುಬಂದಿ ಎಲ್ಲವೂ ಸರಿಯಾಗಿದ್ದವು. ಮುಂಗಡ ಕೊಡುವ ಮುನ್ನ ಬೀದಿ ಕೊನೆಯ ಚಹಾದಂಗಡಿಯ ಮುದುಕ, "ಇಲ್ಲಿ ನಾವು ಎಮ್ಮೆ ಮೈತೊಳೆಯುತ್ತಿದ್ದೆವು, ಬಾಬು" ಎಂದ. ಮನೆಯಾಕೆಯ ಒಡವೆ ಅಡವಿಟ್ಟು ನಾನು ಕೊಳ್ಳಹೊರಟಿದ್ದು ಕೆರೆಯನ್ನು!

ಹುಟ್ಟೂರಿನಲ್ಲಾದರೆ ಯಾವ ಹೊಲ ತಗ್ಗು, ಯಾವ ಹಳ್ಳ ಎತ್ತ ಹರಿಯುತ್ತದೆಂಬುದು ನಮಗೆ ಗೊತ್ತಿರುತ್ತದೆ. ಪರಸ್ಥಳದಲ್ಲಿ ಅದನ್ನು ಕೇಳಿಯೇ ತಿಳಿಯಬೇಕು. ಮನೆ ಕೊಳ್ಳುವ ಬಾಂಧವರು ಹಳೆಯ ನಕ್ಷೆಯಲ್ಲಿ ಆ ಜಾಗ ಏನಾಗಿತ್ತು, ಮೇಲ್ಗಡೆ ಯಾವ ಕೆರೆಯಿದೆ, ಅದರ ಕೋಡಿ ನೀರಿಗೆ ಹಾದಿ ಉಳಿದಿದೆಯೇ ಎಂದು ದಯಮಾಡಿ ವಿಚಾರಿಸಬೇಕು. ವಿಶ್ವೇಶ್ವರಯ್ಯನವರು ಒಂದು ನಗರಕ್ಕಾಗಿ ಹಾಕಿದ ಲೆಕ್ಕವನ್ನು ನಾವು ನಮ್ಮ ಒಂದು ಮನೆಗಾದರೂ ಹಾಕಿಕೊಳ್ಳೋಣ.