ಚಳಿಗಾಲದ ಕೋಟು ಮತ್ತು ಕಾಗದದ ಪ್ಯಾಟರ್ನ್



ರವಿಕೆ ಹೊಲಿಸಲು ಹೋಗುವವರು ಹೊಸ ಬಟ್ಟೆಯ ಜೊತೆಗೆ, ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನೂ ದರ್ಜಿಗೆ ಕೊಡುವುದನ್ನು ನೀವು ನೋಡಿರುತ್ತೀರಿ. ಅದು ಅಳತೆ ರವಿಕೆ. ಒಂದು ಉಡುಪನ್ನು ನೋಡಿ ಇನ್ನೊಂದನ್ನು ಕತ್ತರಿಸುವ ಈ ಪದ್ಧತಿ ಬಹಳ ಹಳೆಯದು, ಎಲ್ಲ ದೇಶಗಳಲ್ಲೂ ಇದ್ದದ್ದು. ಆದರೆ ಅಳತೆಯ ಉಡುಪೂ ಇಲ್ಲ, ದರ್ಜಿಯೂ ಇಲ್ಲ. ಮನೆಯಲ್ಲೇ ಕುಳಿತು ದಪ್ಪ ಉಣ್ಣೆಯ ಚಳಿಗಾಲದ ಕೋಟನ್ನು ಹೊಲಿಯಬೇಕು ಎಂದರೆ ಏನು ಮಾಡುವುದು? ಹಿಮ ಬೀಳುವ ದೇಶಗಳ ಸಾಮಾನ್ಯ ಕುಟುಂಬಗಳಿಗೆ ಈ ಪ್ರಶ್ನೆ ಇತ್ತು. ಅದಕ್ಕೆ ದೊರೆತ ಉತ್ತರ ಕಾಗದದ ಪ್ಯಾಟರ್ನ್.

ಮೊದಲಿಗೆ ಕತ್ತರಿಸುವ ವಿದ್ಯೆ ದರ್ಜಿಗಳ ಸ್ವತ್ತಾಗಿತ್ತು. ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬರುತ್ತಿದ್ದ ವಿದ್ಯೆ ಅದು. 1580ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಹುವಾನ್ ದೆ ಅಲ್ಸೆಗಾ ಎಂಬ ದರ್ಜಿ ಬಟ್ಟೆಯ ಮೇಲೆ ಉಡುಪಿನ ತುಂಡುಗಳನ್ನು ಹೇಗೆ ಜೋಡಿಸಬೇಕು ಎಂಬುದನ್ನು ರೇಖಾಚಿತ್ರಗಳಲ್ಲಿ ತೋರಿಸುವ ಪುಸ್ತಕವನ್ನು ಅಚ್ಚು ಹಾಕಿಸಿದ. ಅವನು ಅದನ್ನು ರೇಖಾಗಣಿತದ ಪುಸ್ತಕವೆಂದೇ ಕರೆದ! ಆದರೆ ಆ ಸಣ್ಣ ಚಿತ್ರಗಳನ್ನು ಮನುಷ್ಯನ ಅಳತೆಗೆ ಹಿಗ್ಗಿಸಲು ಮತ್ತೆ ದರ್ಜಿಯೇ ಬೇಕಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಯಂತ್ರ ಮನೆಗೆ ಬಂತು; ಹೊಲಿಗೆ ಸುಲಭವಾಯಿತು; ಆದರೆ ಕತ್ತರಿಸುವುದು ಸುಲಭವಾಗಲಿಲ್ಲ. ಪತ್ರಿಕೆಗಳು ಕೊಡುತ್ತಿದ್ದ ಪ್ಯಾಟರ್ನ್‌ಗಳು ಹೆಚ್ಚಾಗಿ ಒಂದೇ ಅಳತೆಯವು. ತೆಳ್ಳಗಿರಲಿ, ದಪ್ಪಗಿರಲಿ, ಹೊಲಿಯುವವಳೇ ತಿದ್ದಿಕೊಳ್ಳಬೇಕಿತ್ತು. 1863ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಊರಿನ ದರ್ಜಿ ಎಬೆನೀಜರ್ ಬಟರಿಕ್ ಒಂದೇ ಉಡುಪನ್ನು ಬೇರೆ ಬೇರೆ ಅಳತೆಗಳಲ್ಲಿ ಕತ್ತರಿಸಿದ ಕಾಗದದ ಪ್ಯಾಟರ್ನ್‌ಗಳನ್ನು ಮಾರಾಟಕ್ಕೆ ತಂದ. ದಪ್ಪ ಕಾಗದವನ್ನು ಮಡಿಸಿ ಅಂಚೆಯಲ್ಲಿ ಕಳಿಸುವುದು ಕಷ್ಟವಾದ್ದರಿಂದ ತೆಳುವಾದ ಟಿಶ್ಯೂ ಕಾಗದ ಬಳಕೆಗೆ ಬಂತು. ದರ್ಜಿಯ ಗಣಿತ ಹೀಗೆ ಲಕೋಟೆಯೊಂದರಲ್ಲಿ ಹಳ್ಳಿಯ ಮನೆಯನ್ನೂ ತಲುಪಿತು.

ಲಕೋಟೆ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ಪ್ಯಾಟರ್ನ್ ಆರಿಸಬೇಕು? ಕೋಟಿನ ವಿಷಯದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಹತ್ತಿಯ ಅಂಗಿ ಕೆಟ್ಟರೆ ನಷ್ಟ ಸ್ವಲ್ಪ. ಉಣ್ಣೆಯ ಬಟ್ಟೆ ದುಬಾರಿ, ಕತ್ತರಿ ಆಡಿಸಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಆರಿಸುವವರು ಮೂರು ಸಂಗತಿಗಳನ್ನು ನೋಡಬೇಕಾಗುತ್ತದೆ. ಮೊದಲನೆಯದು ಅಳತೆ. ಕೋಟಿನ ಒಳಗೆ ಬೇರೆ ಉಡುಪು ಇರುತ್ತದೆ. ಅದಕ್ಕೆ ಬೇಕಾದ ಸಡಿಲವನ್ನು ಪ್ಯಾಟರ್ನ್ ಮಾಡಿದವರೇ ಸೇರಿಸಿರುತ್ತಾರೆ. ಆದ್ದರಿಂದ ಮೈಯ ನಿಜವಾದ ಅಳತೆಯನ್ನೇ ಹಿಡಿಯಬೇಕು. ಎರಡನೆಯದು ಬಟ್ಟೆಯ ಪನ್ನ, ಅಂದರೆ ಅಗಲ. ಪನ್ನ ಕಡಿಮೆಯಾದರೆ ಗಜ ಹೆಚ್ಚು ಬೇಕು. ಮೂರನೆಯದು ಬಟ್ಟೆಯ ಜುಂಗು. ಉಣ್ಣೆಯ ಜುಂಗು ಒಂದು ದಿಕ್ಕಿಗೆ ಮಲಗಿದ್ದರೆ ಎಲ್ಲ ತುಂಡುಗಳನ್ನೂ ಅದೇ ದಿಕ್ಕಿನಲ್ಲಿ ಕತ್ತರಿಸಬೇಕು. ಇಲ್ಲದಿದ್ದರೆ ಬೆಳಕಿನಲ್ಲಿ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ. ಇದಕ್ಕೂ ಹೆಚ್ಚು ಬಟ್ಟೆ ಹಿಡಿಯುತ್ತದೆ.

ಈ ಲೆಕ್ಕಾಚಾರ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ಎರಡನೆಯ ಮಹಾಯುದ್ಧ ಕಾಲದ ಬ್ರಿಟನ್ ಒಳ್ಳೆಯ ಉದಾಹರಣೆ. ಗಿರಣಿಗಳು ಸೈನಿಕರ ಸಮವಸ್ತ್ರಕ್ಕೆ ದುಡಿಯುತ್ತಿದ್ದವು. ಕಚ್ಚಾ ಸಾಮಗ್ರಿ ತರುವ ಹಡಗುಗಳಿಗೆ ಅಭಾವವಿತ್ತು. 1941ರ ಜೂನ್ 1ರಂದು ಸರ್ಕಾರ ಬಟ್ಟೆಗೆ ಪಡಿತರ ಪದ್ಧತಿಯನ್ನು ಘೋಷಿಸಿತು. ಮೊದಲ ವರ್ಷ ಒಬ್ಬ ವಯಸ್ಕರಿಗೆ 66 ಕೂಪನ್. ಮುಂದೆ ಈ ಸಂಖ್ಯೆ ಇನ್ನೂ ಇಳಿಯಿತು. ಹಣದ ಜೊತೆಗೆ ಕೂಪನ್ನೂ ಕೊಟ್ಟರೆ ಮಾತ್ರ ಬಟ್ಟೆ. ಅಸ್ತರು ಹಾಕಿದ ಮಹಿಳೆಯರ ಉಣ್ಣೆಯ ಕೋಟಿಗೆ 14 ಕೂಪನ್, ಅಂದರೆ ವರ್ಷದ ಪಾಲಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು!

ಹಾಗಾದರೆ ಬಟ್ಟೆ ಕೊಂಡು ಮನೆಯಲ್ಲೇ ಹೊಲಿದರೆ ಉಳಿತಾಯವಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. 36 ಅಂಗುಲ ಪನ್ನದ ಉಣ್ಣೆ ಬಟ್ಟೆಗೆ ಗಜಕ್ಕೆ 3 ಕೂಪನ್, ಇತರ ಬಟ್ಟೆಗೆ 2. ಒಂದು ಪ್ಯಾಟರ್ನ್ ಮೂರೂವರೆ ಗಜ ಉಣ್ಣೆ, ಅಸ್ತರಿಗೆ ಮೂರು ಗಜ ಬಟ್ಟೆ ಕೇಳುತ್ತದೆ ಎಂದಿಟ್ಟುಕೊಳ್ಳಿ. ಹತ್ತೂವರೆ ಮತ್ತು ಆರು ಸೇರಿ ಹದಿನಾರೂವರೆ ಕೂಪನ್. ಅಂಗಡಿಯ ಕೋಟಿಗಿಂತಲೂ ಹೆಚ್ಚಾಯಿತು! ಎರಡರಲ್ಲೂ ಅರ್ಧರ್ಧ ಗಜ ಕಡಿಮೆ ಬೇಡುವ ಇನ್ನೊಂದು ಪ್ಯಾಟರ್ನ್ ಆರಿಸಿದರೆ ಸರಿಯಾಗಿ 14ಕ್ಕೆ ಬಂದು ನಿಲ್ಲುತ್ತದೆ. ಅಗಲವಾದ ಕಾಲರ್ ಬೇಕೋ ಬೇಡವೋ, ನೆರಿಗೆ ಇರಬೇಕೋ ಬಾರದೋ ಎಂಬುದು ಆಗ ಅಂದದ ಪ್ರಶ್ನೆಯಾಗಿ ಉಳಿಯಲಿಲ್ಲ. ಮನೆಯ ಯಾರಿಗೋ ಈ ವರ್ಷ ಬೂಟು ಸಿಗುವುದೋ ಇಲ್ಲವೋ ಎಂಬ ಪ್ರಶ್ನೆಯಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಿಜವಾಗಿತ್ತು.

ನಿಜವಾದ ಉಳಿತಾಯವಿದ್ದುದು ಮನೆಯಲ್ಲಿದ್ದ ಹಳೆಯ ಬಟ್ಟೆಯಲ್ಲಿ, ಏಕೆಂದರೆ ಅದಕ್ಕೆ ಕೂಪನ್ ಬೇಕಿರಲಿಲ್ಲ. ಹಳೆಯ ಕೋಟಿನ ಹೊಲಿಗೆ ಬಿಚ್ಚಿ, ಮಾಸದೆ ಉಳಿದ ಒಳಮೈಯನ್ನು ಹೊರಗೆ ತಿರುಗಿಸಿ ಮತ್ತೆ ಹೊಲಿಯುತ್ತಿದ್ದರು. ಕಂಬಳಿಗಳೂ ಕೋಟುಗಳಾದವು. 1943ರಲ್ಲಿ ಸರ್ಕಾರವೇ ಇಂತಹ ಉಪಾಯಗಳನ್ನು ಹೇಳಿಕೊಡುವ ಕೈಪಿಡಿಯನ್ನು ಹೊರತಂದಿತು. ಇಲ್ಲಿ ಪ್ಯಾಟರ್ನ್ ಆಯ್ಕೆಯ ನಿಯಮವೇ ತಲೆಕೆಳಗಾಗುವುದನ್ನು ಗಮನಿಸಿ. ಕಂಬಳಿ ಅಖಂಡವಾದದ್ದು, ಅದಕ್ಕೆ ಕೆಲವೇ ದೊಡ್ಡ ತುಂಡುಗಳ ಸರಳ ಪ್ಯಾಟರ್ನ್ ಸಾಕು. ಬಿಚ್ಚಿದ ಕೋಟಿನಲ್ಲಿ ದೊರೆಯುವುದು ಸಣ್ಣ ತುಂಡುಗಳು. ಅದಕ್ಕೆ ಹೊಲಿಗೆ ಹೆಚ್ಚಾದರೂ ಚಿಕ್ಕ ಚಿಕ್ಕ ತುಂಡುಗಳಿರುವ ಪ್ಯಾಟರ್ನ್ ಬೇಕು. ಮೊದಲು ಪ್ಯಾಟರ್ನ್ ಆರಿಸಿ ನಂತರ ಬಟ್ಟೆ ಕೊಳ್ಳುತ್ತಿದ್ದವರು, ಈಗ ಇರುವ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಅದಕ್ಕೆ ತಕ್ಕ ಪ್ಯಾಟರ್ನ್ ಹುಡುಕಿದರು.

ಯುದ್ಧ 1945ರಲ್ಲಿ ಮುಗಿದರೂ ಬಟ್ಟೆಯ ಪಡಿತರ ಕೊನೆಗೊಂಡದ್ದು 1949ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಸುಮಾರು ಎಂಟು ಚಳಿಗಾಲಗಳು ಕಳೆದಿದ್ದವು.

ನಿಮಗೊಂದು ಚಟುವಟಿಕೆ: ಮನೆಯವರ ಒಪ್ಪಿಗೆ ಪಡೆದು, ಬಳಸದ ಹಳೆಯ ಅಂಗಿಯೊಂದರ ಹೊಲಿಗೆಯನ್ನು ಬಿಚ್ಚಿ. ತುಂಡುಗಳನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಆ ತುಂಡುಗಳನ್ನು 36 ಅಂಗುಲ ಅಗಲದೊಳಗೆ ಎಷ್ಟು ಕಡಿಮೆ ಉದ್ದದಲ್ಲಿ ಜೋಡಿಸಬಹುದು ಎಂದು ಪ್ರಯತ್ನಿಸಿ. ಗೆಳೆಯರ ಉತ್ತರದೊಂದಿಗೆ ಹೋಲಿಸಿ ನೋಡಿ.