ಹೆಗ್ಗಡದೇವನಕೋಟೆ ಸೀಮೆಯ ಹಳೆಯ ಒಕ್ಕಲು

ಮೈಸೂರಿನವರಿಗೆ ಹೆಗ್ಗಡದೇವನಕೋಟೆ ಎಂದರೆ ಬಹುಕಾಲ ಕಾಡು, ಆನೆ ಮತ್ತು ಚಳಿಜ್ವರ. ಅಲ್ಲಿಗೆ ವರ್ಗವಾದ ಮೇಷ್ಟರನ್ನು ನೆಂಟರಿಷ್ಟರು ಮರುಕದಿಂದ ಬೀಳ್ಕೊಡುತ್ತಿದ್ದ ಕಾಲವೊಂದಿತ್ತು. ‘ಹಿಂದುಳಿದ ತಾಲ್ಲೂಕು’ ಎಂಬ ವಿಶೇಷಣ ಇಂದಿಗೂ ಅದನ್ನು ಬಿಟ್ಟಿಲ್ಲ. ಆದರೆ ಒಡೆಯರ ಮನೆತನ ಮೈಸೂರಿನಲ್ಲಿ ನೆಲೆಯೂರುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲೊಂದು ರಾಜ್ಯವಿತ್ತೆಂಬುದನ್ನು ನಾವು ಮರೆಯುತ್ತೇವೆ.

ಆ ರಾಜ್ಯದ ಹೆಸರು ಪುನ್ನಾಟ. ಕ್ರಿ. ಶ. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಬೆರಿಲ್ ಎಂಬ ಹರಳು ದೊರೆಯುವ ‘ಪೌನ್ನಟ’ವನ್ನು ಹೆಸರಿಸಿದ್ದಾನೆ, ಅದು ಈ ಪುನ್ನಾಟವೇ ಎಂದು ಹಲವು ವಿದ್ವಾಂಸರ ಮತ. ಇದರ ರಾಜಧಾನಿ ಕಿತ್ತಿಪುರ, ಎಂದರೆ ಕಪಿಲಾ ನದಿಯ ದಡದ ಕಿತ್ತೂರು. ಪುನ್ನಾಟದ ಅರಸ ಸ್ಕಂದವರ್ಮನ ಮಗಳು ತಂದೆ ಗೊತ್ತುಮಾಡಿದ ವರನನ್ನು ಬಿಟ್ಟು ಗಂಗರ ಅವಿನೀತನನ್ನು ತಾನಾಗಿ ವರಿಸಿದಳೆಂದು ಗಂಗರ ಶಾಸನಗಳು ಹೇಳುತ್ತವೆ. ಅವಿನೀತನ ಮಗ ದುರ್ವಿನೀತನ ಕಾಲಕ್ಕೆ ಪುನ್ನಾಟ ಗಂಗರಾಜ್ಯದಲ್ಲಿ ಸೇರಿಹೋಯಿತು. ‘ಕವಿರಾಜಮಾರ್ಗ’ ಸ್ಮರಿಸುವ ಕನ್ನಡದ ಗದ್ಯಕಾರರಲ್ಲಿ ಒಬ್ಬನಾದ ದುರ್ವಿನೀತ ಇವನೇ ಎಂಬ ಅಭಿಪ್ರಾಯವೂ ಉಂಟು. ರಾಜ್ಯ ಹೋದರೂ ಹೆಸರು ಹೋಗಲಿಲ್ಲ. 783ರಲ್ಲಿ ದೂರದ ವರ್ಧಮಾನಪುರದಲ್ಲಿ ಸಂಸ್ಕೃತ ಹರಿವಂಶಪುರಾಣವನ್ನು ರಚಿಸಿದ ಜಿನಸೇನ ತಾನು ‘ಪುನ್ನಾಟ ಸಂಘ’ದವನೆಂದು ಹೇಳಿಕೊಂಡಿದ್ದಾನೆ.

ಅರಸರಿಗಿಂತ ನನಗೆ ಹತ್ತಿರದವಳು ಬೆಳತೂರಿನ ದೇಕಬ್ಬೆ. ಚೋಳರು ಆಳುತ್ತಿದ್ದ 1057ರ ಮಾತು. ದೇಕಬ್ಬೆ ನುಗುನಾಡಿನ ರವಿಗನ ಮಗಳು, ನವಿಲೆನಾಡಿನ ಏಚನ ಹೆಂಡತಿ. ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದನೆಂದು ಏಚನನ್ನು ರಾಜಾಜ್ಞೆಯಿಂದ ತಲಕಾಡಿನಲ್ಲಿ ಕೊಲ್ಲಿಸಲಾಯಿತು. ಸುದ್ದಿ ಕೇಳಿದ ದೇಕಬ್ಬೆ ಹೆತ್ತವರು ಅಂಗಲಾಚಿದರೂ ಕೇಳದೆ ಬೆಂಕಿಗೆ ಬಿದ್ದಳು. ಮಲ್ಲನೆಂಬ ಕವಿ ಈ ಕಥೆಯನ್ನು ಕಲ್ಲಿನ ಮೇಲೆ ಪದ್ಯಗಳಲ್ಲಿ ಹೇಳಿದ್ದಾನೆ. ಸಹಗಮನವನ್ನು ಇಂದು ಯಾರೂ ಮೆಚ್ಚಲಾರರು, ಮೆಚ್ಚಲೂಬಾರದು. ಆದರೆ ಮಗಳ ಕೈಹಿಡಿದು ‘ಬೇಡ’ ಎಂದ ತಾಯಿತಂದೆಯರ ಸಂಕಟವನ್ನು ಆ ಕಲ್ಲು ಮುಚ್ಚಿಡಲಿಲ್ಲ. ನನ್ನ ವಿದ್ಯಾರ್ಥಿಗಳು ಪಂಪನಿಗೆ ತಲೆದೂಗುವವರು, ಈ ಶಾಸನ ಕೇಳಿದಾಗ ಸುಮ್ಮನಾಗುತ್ತಾರೆ.

ಇಷ್ಟೆಲ್ಲ ಅರಸರದು, ನಾಡೊಡೆಯರದು. ಇವರಿಗೂ ಮೊದಲು ಕಾಡಿನಲ್ಲಿದ್ದವರು ಯಾರು? ಜೇನುಕುರುಬರು, ಬೆಟ್ಟಕುರುಬರು, ಎರವರು ತಾಮ್ರಪಟ ಬರೆಸಿದವರಲ್ಲ. ಕಾಕನಕೋಟೆಯ ಹೆಸರಿನಲ್ಲಿ ಕುರುಬರ ಮುಖಂಡನೊಬ್ಬನ ನೆನಪು ಉಳಿದಿದೆ. ಮಾಸ್ತಿಯವರು ಅದನ್ನು ನಾಟಕವಾಗಿಸಿದ್ದರಿಂದ ಪಟ್ಟಣದವರಿಗೂ ಅದು ತಿಳಿಯಿತು. ಮಹಾರಾಜರ ಖೆಡ್ಡಾ ನೋಡಲು ಬಂದ ವೈಸ್‌ರಾಯರುಗಳ ಹೆಸರು ದಾಖಲೆಯಲ್ಲಿವೆ. ಆನೆಯ ಜಾಡು ಹಿಡಿದು ಮುಂದೆ ನಡೆದ ಕುರುಬರ ಹೆಸರಿಗೆ ಅಲ್ಲಿ ಜಾಗ ಸಿಕ್ಕಿದ್ದು ಅಪರೂಪ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಕಪಿಲೆಯೆಂದರೂ ಕಬಿನಿಯೆಂದರೂ ಒಂದೇ ಹೊಳೆ. ಪುನ್ನಾಟದ ರಾಜಧಾನಿಯ ನೆಲ ಅದರ ಹಿನ್ನೀರಿನಲ್ಲಿ ಮುಳುಗಿತು. ನೀರು ನಮ್ಮ ಗದ್ದೆಗಳಿಗೆ ಬಂತು, ಅದನ್ನು ಅಲ್ಲಗಳೆಯಲಾರೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ನಾಗರಹೊಳೆ ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನೊಳಗಿನ ಎಷ್ಟೋ ಹಾಡಿಗಳು ಕಾಡಂಚಿಗೆ ಬಂದವು. ಶಾಸನವಿದ್ದವರ ಊರು ನೀರಿಗೆ ಹೋದರೂ ಪುಸ್ತಕದಲ್ಲಿ ಉಳಿಯಿತು. ಶಾಸನವಿಲ್ಲದವರು ತಾವು ಅಲ್ಲಿದ್ದೆವೆಂಬುದನ್ನೇ ಸಾಬೀತುಪಡಿಸಬೇಕಾಯಿತು.

2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಾಡಿಯ ಹಿರಿಯರ ಹೇಳಿಕೆಯನ್ನು, ಹಳೆಯ ಸ್ಮಶಾನವನ್ನು, ಪೂಜೆಯ ತಾಣವನ್ನು ಸಾಕ್ಷ್ಯವೆಂದು ಒಪ್ಪುತ್ತವೆ. ಶಾಸನಗಳನ್ನೇ ನಂಬಿ ಇತಿಹಾಸ ಬರೆಯುವ ನನ್ನಂಥವರು ಆ ಸಾಕ್ಷಿಗಳನ್ನು ಕೇಳಲು ಇನ್ನೂ ಹಾಡಿಗೆ ಹೊರಡಬೇಕಾಗಿದೆ.